ಖಂಡೆ ನವಮಿಯ ಬೋಲ್ಟು

ಮರಾಠಿ ಸೀಮೆಯ ಕಾರ್ಖಾನೆಗಳ ಊರು ವಾಳೂಜಿನಲ್ಲಿ ಹಳೆ ಕಾರುಗಳ ಬೋಲ್ಟು, ನಟ್ಟುಗಳನ್ನು ಹೊಸದರಂತೆ ಮಾಡಿಕೊಡುವವರು ಯಾರೆಂದು ಕೇಳಿದರೆ ಎಲ್ಲರೂ ಸೋಮಲಿಂಗನ ಶೆಡ್ಡಿನ ಕಡೆ ಕೈ ತೋರಿಸುತ್ತಾರೆ. ಆಳಂದದ ಕಡೆಯವನು. ಅಪ್ಪ, ಅವ್ವ ಇಲ್ಲಿಗೆ ಕಟ್ಟಡದ ಕೆಲಸಕ್ಕೆ ಬಂದವರು; ಇವನು ಸಿಮೆಂಟ್ ಹೊರಲು ಒಲ್ಲೆನೆಂದು ಲೋಹಕ್ಕೆ ಲೇಪ ಕೊಡುವ ಪ್ಲೇಟಿಂಗ್ ಕಲಿತ. ಇಪ್ಪತ್ತೆರಡು ವರ್ಷಗಳಲ್ಲಿ ಆಸಿಡ್ಡು ಅವನ ಉಗುರುಗಳನ್ನು ತಿಂದಿದೆ, ಜಂಬವನ್ನು ಮಾತ್ರ ಮುಟ್ಟಿಲ್ಲ. “ನನ್ನ ಬೋಲ್ಟಿನ್ಯಾಗ ಮುಖಾ ನೋಡ್ಕೋಬಹುದ್ರಿ” ಎಂದು ನನಗೇ ನೂರು ಸಲ ಹೇಳಿದ್ದಾನೆ. ನೂರು ಸಲವೂ ನಾನು ನೋಡಿಕೊಂಡಿದ್ದೇನೆ. ಪಕ್ಕದ ಮನೆಯವನಾದ ಮೇಲೆ ಬೇರೆ ದಾರಿ ಏನಿದೆ?

ತುಕ್ಕು ಹಿಡಿದ ಬೋಲ್ಟನ್ನು ಅವನು ಆಸಿಡ್ಡಿನಲ್ಲಿ ತೊಳೆದು, ಜಿಂಕ್ ತೊಟ್ಟಿಯಲ್ಲಿ ಇಳಿಬಿಟ್ಟು ಕರೆಂಟ್ ಕೊಡುತ್ತಾನೆ. ಕೊನೆಗೆ ಹಳದಿ ನೀರಿನಲ್ಲಿ ಅದ್ದಿದರೆ ಬಂಗಾರದ ಬಣ್ಣ ಬರುತ್ತದೆ. ಆದರೆ ನಡುವೆ ಇನ್ನೊಂದು ಕೆಲಸವಿದೆ. ಸ್ಟೇರಿಂಗಿಗೆ ಹಾಕುವಂಥ ಗಟ್ಟಿ ಉಕ್ಕು ಆ ತೊಟ್ಟಿಗಳಲ್ಲಿ ಕಣ್ಣಿಗೆ ಕಾಣದ ಗ್ಯಾಸು ಕುಡಿಯುತ್ತದೆ. ತೊಟ್ಟಿಯಿಂದ ತೆಗೆದ ನಾಲ್ಕು ಗಂಟೆಯೊಳಗೆ ಬಿಸಿ ಭಟ್ಟಿಯಲ್ಲಿಟ್ಟು ಅದನ್ನು ಓಡಿಸಬೇಕು. ತಡವಾದರೆ ಉಕ್ಕು ಒಳಗೇ ಕೆಡುತ್ತದೆ, ಆಮೇಲೆ ಎಷ್ಟು ಕಾಯಿಸಿದರೂ ಭರವಸೆಯಿಲ್ಲ. ಹೊರಗೆ ಬಸಪ್ಪ, ಒಳಗೆ ವಿಷಪ್ಪ.

ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ತಪ್ಪಿದ.

ನಾಸಿಕ್ ರೋಡಿನ ಜಯಂತ್ ಸಾಹೇಬರು ಕಲಬುರಗಿಯ ಮೂಲದವರು. ತಂದೆಯ ಹಳೆ ಫಿಯೆಟ್ಟನ್ನು ಎರಡು ವರ್ಷದಿಂದ ಒಂದೊಂದೇ ಬಿಡಿಭಾಗ ಕೂಡಿಸಿ ಎಬ್ಬಿಸುತ್ತಿದ್ದರು. ದಸರಾ ಮುಗಿದ ಭಾನುವಾರ ಮುಂಬಯಿಯಲ್ಲಿ ಹಳೆ ಕಾರುಗಳ ಪ್ರದರ್ಶನವಿತ್ತು. ಸ್ಟೇರಿಂಗ್ ಬಾಕ್ಸಿನ ಮೂರು ಬೋಲ್ಟು ಮತ್ತು ಒಂದು ಹೆಚ್ಚಿನದನ್ನು ತಂದುಕೊಟ್ಟು, ದಸರೆಗೇ ಬೇಕೆಂದರು.

ದಸರೆಯ ಹಿಂದಿನ ದಿನ, ಆಯುಧಪೂಜೆಯ ಖಂಡೆ ನವಮಿಯ ಬೆಳಿಗ್ಗೆ ಸೋಮಲಿಂಗ ಅವನ್ನು ತೊಟ್ಟಿಯಿಂದ ತೆಗೆದು ತಿರುಗಿದರೆ, ಹೆಂಡತಿ ನೀಲಾಂಬಿಕಾ ಆಗಲೇ ಭಟ್ಟಿಗೆ ವಿಭೂತಿ ಬಳಿದು, ಚೆಂಡುಹೂ ಏರಿಸಿ, ಕಾಯಿ ಒಡೆದಿದ್ದಳು. ಪೂಜೆಗೆ ಕೂತ ಆಯುಧವನ್ನು ಮರುದಿನದವರೆಗೆ ಮುಟ್ಟುವಂತಿಲ್ಲ.

“ರೀ, ದೇವರಾಗಿ ಕುಂತದ್ದಕ್ಕ ಬೆಂಕಿ ಹಚ್ಚತೀರೇನು?” ಎಂದಳು.

ಅವನು ಕೈಯಲ್ಲಿದ್ದ ಬೋಲ್ಟುಗಳನ್ನು ಒರೆಸಿ ಬದಿಗಿಟ್ಟ. “ಒಂದಿನಕ್ಕ ಏನಾಗ್ತದ ಬಿಡು” ಎಂದ. ಮರುದಿನ ನಸುಕಿನಲ್ಲೇ ಭಟ್ಟಿ ಹಚ್ಚಿದ, ಹಳದಿ ನೀರಿಗೆ ಅದ್ದಿದ. ಮಧ್ಯಾಹ್ನ ಸಾಹೇಬರು ಬಂದಾಗ ಬೋಲ್ಟಿನ ಜೊತೆ ಬನ್ನಿ ಎಲೆಯನ್ನೂ ಕೈಗಿಟ್ಟ.

“ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ.”

ನಾಲ್ಕನೆಯ ಬೋಲ್ಟನ್ನು ಅವನು ದಪ್ಪ ಕಬ್ಬಿಣದ ಹಲಗೆಯ ತೂತಿಗೆ ಹಾಕಿ ನಟ್ಟು ಬಿಗಿದಿಟ್ಟ. ಗಟ್ಟಿ ಉಕ್ಕಿನ ಪ್ರತಿ ಕೆಲಸದಲ್ಲೂ ಒಂದನ್ನು ಹೀಗೆ ಬಿಗಿದು, ಮುರಿಯುತ್ತದೋ ಎಂದು ಕಾಯುವುದು ಅವನ ರೂಢಿ. ಒಂದೂ ಮುರಿದಿರಲಿಲ್ಲ.

ಶನಿವಾರ ಮಧ್ಯಾಹ್ನ ರೊಟ್ಟಿ ಮುರಿಯುತ್ತಿದ್ದಾಗ ಶೆಡ್ಡಿನಲ್ಲಿ ಟಕ್ ಎಂದಿತು. ಹೋಗಿ ನೋಡಿದರೆ ಬೋಲ್ಟಿನ ತಲೆ ನೆಲದ ಮೇಲೆ ಬಿದ್ದಿತ್ತು. ಯಾರೂ ಮುಟ್ಟಿರಲಿಲ್ಲ. ಮುರಿದ ಜಾಗ ಕಲ್ಲುಸಕ್ಕರೆಯ ಹಾಗೆ ಹರಳುಹರಳಾಗಿ ಮಿನುಗುತ್ತಿತ್ತು.

ಆಗಲೇ ಸಾಹೇಬರಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಹಳೆ ಕಾರಿನವರದೊಂದು ವಾಟ್ಸಾಪ್ ಗುಂಪಿದೆ. ಅಲ್ಲಿ ಒಬ್ಬರು ಬಾಯಿ ಬಿಟ್ಟರೆ ಇಪ್ಪತ್ತೆರಡು ವರ್ಷದ ಹೆಸರು ಹೋಗುತ್ತದೆ. ಇದೊಂದೇ ಹಾಳಿರಬಹುದು, ಆ ಮೂರು ಗಟ್ಟಿ ಇರಬಹುದು ಎಂದುಕೊಂಡ. ಇದನ್ನು ಬರೆಯುವಾಗ ಈಗಲೂ ನನಗೆ ಅವನ ಮೇಲೆ ಸಿಟ್ಟು ಬರುತ್ತದೆ.

ಭಾನುವಾರ ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದ. ಒಂದು ಕೈಯಲ್ಲಿ ಆ ತಲೆ, ಇನ್ನೊಂದರಲ್ಲಿ ಫೋನು. “ಎಂಟು ಸಲ ಹಚ್ಚೀನ್ರಿ, ಎತ್ತವಲ್ರು” ಎಂದು ಎಲ್ಲವನ್ನೂ ಹೇಳಿದ. ಒಂಬತ್ತನೆಯ ಸಲ ಸಾಹೇಬರ ಮಗಳು ರುಚಿತಾ ಎತ್ತಿದಳು. ಅವನು ಸ್ಪೀಕರ್ ಹಾಕಿದ.

“ಕಾಕಾ, ಪಪ್ಪಾ ಗಾಡಿ ಚಲಾಯಿಸ್ತಾ ಇದ್ದಾರೆ. ಇಗತಪುರಿ ದಾಟಿದ್ವಿ. ಖೂಪ್ ಪಾವುಸ್ ಆಹೇ, ತುಂಬಾ ಮಳೆ.”

ಇಗತಪುರಿ ದಾಟಿದರೆ ಮುಂದೆ ಕಸಾರಾ ಘಾಟಿನ ಇಳಿಜಾರು. ಸೋಮಲಿಂಗ ಫೋನಿಗೆ ಬಾಯಿ ಹಚ್ಚಿ ಚೀರಿದ.

“ಗಾಡಿ ನಿಂದರಿಸವಾ! ಈಗಿಂದೀಗ! ಥಾಂಬಾ ಅನ್ನು!”

ಇಂಜಿನ್ ನಿಂತ ಸದ್ದು ಕೇಳಿತು. ಬಾಗಿಲು ತೆರೆದ ಸದ್ದು, ಮಳೆಯ ಸದ್ದು. ಸ್ಟೇರಿಂಗ್ ಬಾಕ್ಸಿನ ಬೋಲ್ಟು ನೋಡಿರೆಂದು ಸೋಮಲಿಂಗ ಕೂಗಿ ಹೇಳಿದ. ಸಾಹೇಬರು ಟಾರ್ಚ್ ಹಿಡಿದು ಬಾನೆಟ್ ಎತ್ತಿದ್ದಾರೆಂದು ರುಚಿತಾ ಹೇಳಿದಳು.  ಸೋಮಲಿಂಗ ಫೋನನ್ನು ನಮ್ಮ ಮೆಟ್ಟಿಲ ಮೇಲಿಟ್ಟು ಅದರ ಪಕ್ಕ ಕೂತ.

ಕೊನೆಗೆ ಸಾಹೇಬರ ದನಿ ಬಂತು.

“ಮೂರರಾಗ ಎರಡರ ತಲೀನೇ ಇಲ್ಲ, ಸೋಮಲಿಂಗಪ್ಪ. ಮುಂದಿನ ತಿರುವಿಗೆ ನಾವಿಬ್ಬರೂ ದರಿಯೊಳಗ ಇರ್ತಿದ್ವಿ. ದೇವರಂಗ ಫೋನ್ ಮಾಡಿದ್ರಿ ನೀವು.”

ಆಮೇಲೆ ಸಾಹೇಬರೇ ಕೇಳಿದರು.

“ಅಲ್ರೀ, ಇದು ನಿಮಗ ಯಾವಾಗ ಗೊತ್ತಾತು?”

‘ಈಗಷ್ಟೇ’ ಎಂದು ಸುಳ್ಳು ಹೇಳಿಬಿಡು ಅಂತ ನಾನು ಕೈಸನ್ನೆ ಮಾಡಿದೆ. ಹೌದು, ಮಾಡಿದೆ. ಅವನು ನನ್ನನ್ನೂ, ಅಂಗೈಯಲ್ಲಿದ್ದ ಆ ತಲೆಯನ್ನೂ ನೋಡಿದ.

“ನಿನ್ನೆ ಮಧ್ಯಾಹ್ನ, ಸಾಹೇಬ್ರ.”

ಅವರು ಫೋನ್ ಕಟ್ ಮಾಡಲಿಲ್ಲ, ಬೈಯಲೂ ಇಲ್ಲ. ಲಾರಿಗಳು ಒಂದರ ಹಿಂದೊಂದು ಘಾಟಿ ಇಳಿಯುವುದು ಕೇಳಿಸುತ್ತಿತ್ತು. “ಪಪ್ಪಾ, ಕಾಕಾ ಏನಂದ್ರು?” ಎಂದು ರುಚಿತಾ ಕೇಳಿದಳು. ಆ ಕಡೆ ಸಾಹೇಬರು ಬಾನೆಟ್ ಮುಚ್ಚಿದ ಸದ್ದಾಯಿತು.