ಅತ್ತೆಯ ಕಾಲಿನ ರೋಗಾಣು

ಗುಂಡ್ಲುಪೇಟೆಯ ತನ್ನ ಬೀದಿಗೆ ನಮ್ಮ ಸೋದರತ್ತೆಯೇ ಡಾಕ್ಟರು. ಓದಿದ್ದು ನಾಲ್ಕನೇ ಕ್ಲಾಸು. ಬೀದಿಯಲ್ಲಿ ಯಾರಿಗೆ ಜ್ವರ ಬಂದು ಇಳಿದರೂ, ಅವರು ನುಂಗದೆ ಉಳಿಸಿದ ಮಾತ್ರೆಗಳೆಲ್ಲ ಅತ್ತೆಯ ಗಾಜಿನ ಭರಣಿ ಸೇರುತ್ತಿದ್ದವು. ಅವನ್ನೇ ಬಣ್ಣ ನೋಡಿ ಹಂಚುತ್ತಿದ್ದಳು. ಕೆಂಪು-ಹಳದಿ ಹೊಟ್ಟೆಗೆ, ಕೆಂಪು-ಕಪ್ಪು ಕೆಮ್ಮಿಗೆ. ಗಾಯವಾದರೆ ಕ್ಯಾಪ್ಸೂಲ್ ಬಿಚ್ಚಿ ಪುಡಿ ಉದುರಿಸುವುದು. ಬೀದಿಯವರು ಹೊಗಳಿದ್ದೇ ಹೊಗಳಿದ್ದು, ನನಗೋ ಮೈಯೆಲ್ಲ ಉರಿಯುತ್ತಿತ್ತು.

ಉರಿಯದೆ ಇನ್ನೇನು? ತೊಂಬತ್ತರ ದಶಕದ ಆ ವರ್ಷಗಳಲ್ಲಿ ನಾನು ಮೈಸೂರಿನ ಒಂದು ಲ್ಯಾಬಿನಲ್ಲಿ, ರೋಗಾಣುಗಳು ಮೈ ಸುತ್ತ ಗೋಡೆ ಹೇಗೆ ಕಟ್ಟಿಕೊಳ್ಳುತ್ತವೆಂದು ಸಂಶೋಧನೆ ಮಾಡುತ್ತಿದ್ದೆ. ಆ ಕೆಲಸ ನಿಲ್ಲಿಸಿದರೆ ರೋಗಾಣು ಒಡೆದು ಸಾಯುತ್ತದೆ. ನಿಲ್ಲಿಸುವ ಹೊಸ ಮದ್ದು ಹುಡುಕುವುದು ನಮ್ಮ ಘನ ಉದ್ದೇಶ. ಊರಿಗೆ ಹೋದಾಗಲೆಲ್ಲ ಅತ್ತೆಯದು ಒಂದೇ ಪ್ರಶ್ನೆ.

"ಇಷ್ಟ್ ವರ್ಸದಿಂದ ಉಳದ ಗೋಡೆ ನೋಡ್ತಾ ಕುಂತಿದ್ದೀಯಲ್ಲಮ್ಮಿ, ಒಂದಾದ್ರೂ ಬಿತ್ತಾ?"

"ಅರ್ಧಂಬರ್ಧ ಮಾತ್ರೆ ಕೊಟ್ಟು ಅವನ್ನ ಗಟ್ಟಿ ಮಾಡ್ತಿರೋದೇ ನೀನು" ಎಂದರೆ, "ಓಗಮ್ಮಿ, ಓದಿ ಓದಿ ಮಂಡೆ ಕೆಟ್ಟೋಗದೆ" ಎಂದು ನಗುತ್ತಿದ್ದಳು.

ಸಕ್ಕರೆ ಕಾಯಿಲೆಯ ಅತ್ತೆಗೆ ಚಪ್ಪಲಿ ಕಚ್ಚಿ ಕಾಲು ಹುಣ್ಣಾಯಿತು. ಭರಣಿಯ ಬಣ್ಣವನ್ನೆಲ್ಲ ಉದುರಿಸಿಕೊಂಡಳು. ಕಾಲು ಹಬ್ಬದ ರಂಗೋಲಿಯಂತೆ ಕಂಡಿತೇ ಹೊರತು ಮಾಯಲಿಲ್ಲ. ಬೆರಳು ಕಪ್ಪಾದ ಮೇಲೆ ಚಾಮರಾಜನಗರದ ಆಸ್ಪತ್ರೆಗೆ ಸೇರಿಸಿದೆವು. "ಮದ್ದು ಹಿಡಿಯದಿದ್ದರೆ ಪಾದ ತೆಗೆಯಬೇಕಾಗುತ್ತೆ" ಎಂದರು ಡಾಕ್ಟರು. ಹುಣ್ಣಿನ ರೋಗಾಣು ಯಾವ ಮದ್ದಿಗಾದರೂ ಬಗ್ಗೀತೇ ನೋಡೋಣವೆಂದು, ಅವರನ್ನು ಕೇಳಿ ಕೀವಿನ ಸ್ಯಾಂಪಲ್ಲನ್ನು ಐಸ್ ತುಂಬಿದ ಫ್ಲಾಸ್ಕಿನಲ್ಲಿಟ್ಟು ಮೈಸೂರಿನ ಬಸ್ ಹತ್ತಿದೆ. ನಂಜನಗೂಡು ದಾಟುವವರೆಗೂ ಪಕ್ಕದ ಸೀಟಿನ ಮಹಾನುಭಾವ, ಕಾಫಿಯನ್ನು ನಾನೊಬ್ಬಳೇ ಕುಡಿದುಬಿಡುತ್ತೇನೇನೋ ಎಂಬಂತೆ ಫ್ಲಾಸ್ಕನ್ನೇ ದುರುಗುಟ್ಟುತ್ತಿದ್ದ.

ಲ್ಯಾಬಿನಲ್ಲಿ ಬೆಳೆಸಿ ನೋಡಿದರೆ, ಅದನ್ನು ಕೊಲ್ಲಲೆಂದು ಇಟ್ಟ ಮದ್ದಿನ ಬಿಲ್ಲೆಗಳ ಅಂಚಿನವರೆಗೂ ರೋಗಾಣು ಹಾಯಾಗಿ ಹಬ್ಬಿತ್ತು. ಗೋಡೆ ಕಟ್ಟುವ ಮೇಸ್ತ್ರಿಯ ಕೈಯನ್ನು ಮದ್ದು ಹಿಡಿದುಕೊಂಡರೆ, ಇದು ಬೇರೊಬ್ಬ ಮೇಸ್ತ್ರಿಯನ್ನೇ ಇಟ್ಟುಕೊಂಡಿತ್ತು. ನಮ್ಮ ಗೈಡ್ ಅಷ್ಟು ಖುಷಿಪಟ್ಟದ್ದನ್ನು ನಾನು ಕಂಡೇ ಇರಲಿಲ್ಲ.

"ಬ್ಯೂಟಿಫುಲ್! ಎಲ್ಲಿ ಸಿಕ್ತಮ್ಮ ಇದು?"

"ನಮ್ಮತ್ತೆ ಕಾಲಲ್ಲಿ ಸಾರ್."

"ಜೋಪಾನ, ಸಾಯಬಾರದು" ಎಂದರು. ಅತ್ತೆಯ ವಿಷಯವಲ್ಲ.

ಅತ್ತೆಯ ಪಾದ ಹೋಯಿತು. ನೋಡಲು ಹೋದಾಗ ಮಂಚದ ಮೇಲೆ ಒರಗಿದ್ದಳು. ಅವಳ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ.

"ನನ್ ಕಾಲ್ನಲ್ಲಿದ್ದ ಉಳ ಏನಾಯ್ತಮ್ಮಿ?"

"ಲ್ಯಾಬಲ್ಲಿದೆ ಅತ್ತೆ. ಸಾಕ್ತಿದ್ದೀವಿ."

"ಏನಾಕ್ತೀರಿ ಅದ್ಕೆ?"

"ಮಾಂಸದ ಸಾರು. ಸ್ವಲ್ಪ ಸಕ್ಕರೆ."

"ಅಯ್ಯೋ ಅದರ ಮನೆ ಹಾಳಾಗ! ನಂಗ್ ಮಾತ್ರ ಸಪ್ಪೆ ಕಾಪಿ" ಎಂದು ನಕ್ಕಳು. ಆಮೇಲೆ ನಗು ನಿಂತಿತು. "ಅದ್ಕೆ ಮದ್ದು ಸಿಕ್ತಾ?"

"ಇನ್ನೂ ಇಲ್ಲ. ಗೋಡೆ ಹೇಗೆ ಕಟ್ಟುತ್ತೆ ಅಂತ ಸ್ವಲ್ಪ ಗೊತ್ತಾಗಿದೆ."

ಅತ್ತೆ ಹೊದಿಕೆ ಸರಿಸಿ, ಉಳಿದ ಪಾದವನ್ನು ಅಂಗೈಯಲ್ಲಿ ಸವರಿಕೊಂಡಳು.

"ಬಿರ್ನೆ ಮದ್ದು ಉಡ್ಕಮ್ಮಿ. ಇನ್ನೊಂದೇ ಅದೆ."