ಗೋಡೆಯೊಳಗಿನ ಮರಳು

ಮರಳುಗಾಡಿನಲ್ಲಿ ಮರಳನ್ನೇ ಕಾಂಪೌಂಡ್ ಕಟ್ಟಿ ಸಾಕುವವರೂ ಇದ್ದಾರೆಂದು ನಾನು ಕಂಡದ್ದು ಕುವೈತಿಗೆ ಬಂದ ಮೊದಲ ವರ್ಷ. ರಿಗ್ಗೈಯ ನಮ್ಮ ಫ್ಲ್ಯಾಟಿನಲ್ಲಿ ಕಿಟಕಿಯ ಸಂದಿಗೆ ಒದ್ದೆ ಬಟ್ಟೆ ತುರುಕಿದರೂ ಧೂಳು ಒಳಗೆ ಬರುತ್ತಿತ್ತು. ಇವರು ಬೆಳಿಗ್ಗೆ ಕಂಪನಿ ವ್ಯಾನ್ ಹತ್ತಿದರೆ ಸಂಜೆಯವರೆಗೆ ಆ ಧೂಳು ಒರೆಸುವುದೇ ನನ್ನ ಸಂಸಾರ. ಮಾತಾಡಲು ಒಂದು ನರಪಿಳ್ಳೆ ಇಲ್ಲ. ಊರಿಗೆ ವಾಪಸ್ ಹೋಗುವುದೆಂದು ತೀರ್ಮಾನಿಸಿಬಿಟ್ಟಿದ್ದೆ. ಇವರಿಗೆ ಹೇಳುವುದೊಂದು ಬಾಕಿಯಿತ್ತು.

ಅಷ್ಟರಲ್ಲಿ ಒಂದು ಶುಕ್ರವಾರ ಇವರ ಕಂಪನಿಯ ಜಪಾನೀ ಎಂಜಿನಿಯರರು ಮನೆಗೆ ಚಹಾಕ್ಕೆ ಕರೆದರು. ಹಿತ್ತಿಲಲ್ಲಿ ಅವರ ದೇಶದ ಪದ್ಧತಿಯ ತೋಟವಿದೆಯಂತೆ. ತೋಟವೆಂದರೆ ಮಲ್ಲಿಗೆ, ಬಸಳೆ ಚಪ್ಪರ ಎಂದುಕೊಂಡು ಹೋದರೆ ಅಲ್ಲಿ ಹೂವೂ ಇಲ್ಲ, ನೀರೂ ಇಲ್ಲ. ಬಿಳಿ ಮರಳು, ಅದರ ತುಂಬ ಅಲೆಯಂತೆ ಎಳೆದ ಗೆರೆ, ನಡುವೆ ಒಂದು ಗಿಡ್ಡ ಮರ, ಅದರ ಬುಡದಲ್ಲಿ ನಿಲ್ಲಿಸಿದ ಕಲ್ಲುಗಳು.

ನಮ್ಮ ತುಳುನಾಡಿನವರಿಗೆ ಗುಡಿಸಿದ ಜಾಗದಲ್ಲಿ, ಮರದಡಿ ಕಲ್ಲು ನಿಂತಿದ್ದರೆ ಅದು ನಾಗನ ಕಲ್ಲೇ. ಆ ವರ್ಷ ನಾಗರ ಪಂಚಮಿಗೆ ನಮ್ಮ ನಾಗಬನಕ್ಕೆ ಹಾಲೆರೆಯಲಾಗದೆ ಬಹಳ ನೊಂದಿದ್ದೆ. ಯೋಚಿಸುವ ಮೊದಲೇ ಚಪ್ಪಲಿ ಬಿಟ್ಟು ಕೈ ಮುಗಿದಿದ್ದೆ.

"ಎಂತ ಮಾರಾಯ್ತಿ, ಅದು ಚಂದಕ್ಕೆ ಇಟ್ಟ ಕಲ್ಲು. ಮರ್ಯಾದೆ ತೆಗಿಬೇಡ," ಎಂದು ಇವರು ಪಿಸುಗುಟ್ಟಿದರು.

ಎಂಜಿನಿಯರರ ಹೆಂಡತಿ ನಗಲಿಲ್ಲ. ನನ್ನ ಪಕ್ಕಕ್ಕೆ ಬಂದು, ತಾನೂ ಚಪ್ಪಲಿ ಬಿಟ್ಟು ತಲೆ ಬಾಗಿಸಿದರು. ಕಲ್ಲಿಗೋ, ನನ್ನ ಮಾನ ಉಳಿಸಲಿಕ್ಕೋ, ಇಂದಿಗೂ ಗೊತ್ತಿಲ್ಲ.

ಗೆರೆ ಯಾರು ಎಳೆಯುತ್ತಾರೆಂದು ಇವರಿಂದ ಕೇಳಿಸಿದೆ.

"ದಿನಾ ಬೆಳಿಗ್ಗೆ ಅವರೇ ಅಂತೆ. ಮಧ್ಯಾಹ್ನ ಗಾಳಿ ಬಂದು ಅಳಿಸಿಬಿಡ್ತದಂತೆ."

"ಮತ್ತೆ?"

"ಮತ್ತೆ ಎಂತ, ಮರುದಿನ ಪುನಃ ಎಳೆಯುವುದು. ಗಂಡ ಆಫೀಸಿಗೆ ಹೋದ ಮೇಲೆ ಮನೆಯಲ್ಲಿ ಬೇರೆ ಯಾರಿದ್ದಾರೆ ಅಂತ ಹೇಳ್ತಾರೆ."

ನನಗೆ ಅಳು ತಡೆಯಲಾಗಲಿಲ್ಲ. ಆಕೆ ಗೋಡೆಗೆ ಒರಗಿಸಿದ್ದ, ಗೆರೆ ಎಳೆಯುವ ಹಲ್ಲುಕೋಲನ್ನು ತಂದು ನನ್ನ ಕೈಗಿತ್ತರು.

ಆಮೇಲೆ ಪ್ರತಿ ಶುಕ್ರವಾರ ಹೋಗುತ್ತಿದ್ದೆ. ಆಕೆಗೆ ಕನ್ನಡ ಬಾರದು, ನನಗೆ ಜಪಾನೀ ಬಾರದು. ಒಬ್ಬರು ಗೆರೆ ಎಳೆದರೆ ಇನ್ನೊಬ್ಬರು ನೋಡುತ್ತಾ ಕೂರುವುದು. ವಾಪಸ್ ಹೋಗುವ ಮಾತನ್ನು ಇವರಿಗೆ ಹೇಳಲೇ ಇಲ್ಲ. ಕೊನೆಗೆ ವಾಪಸ್ ಹೋದದ್ದು ಆಕೆಯೇ. ಗಂಡನ ಕೆಲಸ ಮುಗಿಯಿತು. ಆ ಹಿತ್ತಿಲಲ್ಲಿ ಈಗ ಯಾರದ್ದೋ ಕಾರು ನಿಲ್ಲುತ್ತದೆ.

ಮೊನ್ನೆ ರಜೆಗೆ ಊರಿಗೆ ಬಂದಾಗ ನಾಗಬನದ ಎದುರು ಹಿಡಿಸೂಡಿ ಹಿಡಿದು ಗುಡಿಸುತ್ತಿದ್ದೆ.

"ಎಂತ ಅಕ್ಕ, ಗುಡಿಸುದಾ, ರಂಗೋಲಿ ಹಾಕುದಾ?" ಎಂದು ತಮ್ಮ ಕೇಳಿದ.

ತಿರುಗಿ ನೋಡಿದರೆ ಮಣ್ಣಿನ ಮೇಲೆಲ್ಲ ಅಲೆ ಅಲೆಯಾಗಿ ಗೆರೆ ಎಳೆದಿದ್ದೇನೆ. ಹಾಲೆರೆದು ಕೈ ಮುಗಿದೆ. ವರ್ಷಗಟ್ಟಲೆ ನಾನು ಹಂಬಲಿಸಿದ ನಾಗನ ಎದುರು ನಿಂತು, ಈಗ ಕುವೈತಿನ ಆ ಹಿತ್ತಿಲಲ್ಲಿ ಗಾಳಿ ಬಂದಿರಬಹುದೇ ಎಂದು ಯೋಚಿಸುತ್ತಿದ್ದೆ.