ಕೇಳದೆ ತುಂಬಿದ ಉತ್ತರ

“ಏನು ಬರದಿ, ಓದಿ ಹೇಳು ತಮ್ಮಾ” ಎಂದಳು ರಂಗಂಪೇಟೆಯಲ್ಲಿರುವ ನನ್ನ ಅಕ್ಕ. ಅರವತ್ತಾರನೆಯ ವಯಸ್ಸಿನಲ್ಲಿ ನಾನು ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನದ ಪದವಿಗೆ ಸೇರಿದ್ದೇನೆ. ಅದಕ್ಕಾಗಿ ಮನೆತನದ ಹಿರಿಯರೊಬ್ಬರನ್ನು ಸಂದರ್ಶಿಸಬೇಕಿತ್ತು. ಪ್ರಶ್ನಾವಳಿಯಲ್ಲಿ ‘ಶಾಲೆ ಬಿಟ್ಟ ಕಾರಣ’ ಎಂಬಲ್ಲಿ, ಅವಳನ್ನು ಕೇಳುವ ಮೊದಲೇ, ‘ಓದು ತಲೆಗೆ ಹತ್ತಲಿಲ್ಲ’ ಎಂದು ಬರೆದಿದ್ದೆ. ಅಪ್ಪ ಎಲ್ಲರಿಗೂ ಹೇಳುತ್ತಿದ್ದುದು ಅದನ್ನೇ. ಹಾಗೆಯೇ ಓದಿ ಹೇಳಿದೆ.

ಅಕ್ಕ ನಕ್ಕಳು. “ಈ ವಯಸ್ಸಿಗಿ ಕಾಲೇಜಿಗಿ ಹೊಂಟಾಂವ, ಇಷ್ಟೂ ಗೊತ್ತಿಲ್ಲೇನು? ಮಗ್ಗಿ ಹೇಳೂದ್ರಾಗ ನಾನೇ ಮುಂದಿದ್ದೆ. ಅವ್ವ ದಿನಾ ಕಳೆ ತೆಗೀಲಾಕ ಹೋಗಾಕಿ. ನಿನ್ನ ಬಗಲಾಗ ಎತ್ಕೊಂಡು ಸಾಲಿಗಿ ಹೋದ್ರ ನೀ ಒಂದೇ ಸವನ ಅಳಾಂವ. ಕೂಸಿಗಿ ಮನ್ಯಾಗ ಬಿಟ್ಟು ಬಾ ಅಂದ್ರು ಮಾಸ್ತರ್ರು. ಯಾರ ಕೈಯಾಗ ಬಿಡ್ಲಿ?”

ನಾನು ಬರೆದದ್ದನ್ನು ಹೊಡೆದುಹಾಕಿ ಅವಳ ಮಾತನ್ನೇ ಬರೆದುಕೊಂಡೆ. ಮಕ್ಕಳ ಬಗ್ಗೆ ಹಿರಿಯರು ಹೇಳಿಕೊಂಡು ಬಂದದ್ದೆಲ್ಲ ನಿಜವೇ ಎಂದು ಪರೀಕ್ಷಿಸುವ ಹಟದಿಂದಲೇ ಈ ವಿಷಯವನ್ನು ಆರಿಸಿಕೊಂಡವನು ನಾನು. ಶಹಾಪುರದ ಗ್ರಂಥಾಲಯದಲ್ಲಿ ಕುಳಿತು ಯಾರ ನೆರವೂ ಇಲ್ಲದೆ ಓದಿ ಬೆಳೆದೆ ಎಂದು ಹೇಳಿಕೊಂಡು ತಿರುಗಿದವನೂ ನಾನೇ.

ಪುಸ್ತಕದ ಮಾತನ್ನೂ ಸುಲಭಕ್ಕೆ ನಂಬದ ನಾನು ಅಪ್ಪನ ಆ ಒಂದು ಮಾತನ್ನು ಎಂದೂ ಅನುಮಾನಿಸಲಿಲ್ಲ, ಏಕೆಂದರೆ ಅದು ನನಗೆ ಅನುಕೂಲವಾಗಿತ್ತು. ಹತ್ತು ವರ್ಷದ ಹಿಂದೆ ಕೇಳಿದ್ದರೂ ಅಕ್ಕನನ್ನು ಕೂರಿಸಿಕೊಂಡು ಅವಳ ಓದನ್ನು ಮುಂದುವರಿಸಬಹುದಿತ್ತು. ಈಗ ಅವಳ ಕಣ್ಣಿಗೆ ಅಕ್ಷರ ಕಾಣುವುದಿಲ್ಲ.